ಖಾಯಂ ರೋಗಿ

ಬಚ್ಚಲುಮನೆಯಲ್ಲಿ ಹಾಡು ಹೇಳಿಕೊಳ್ಳುವವರಿದ್ದಾರೆ. ಮೇಲಧಿಕಾರಿಯ ಎದುರು ಆಡಲಾಗದ ಮಾತನ್ನೆಲ್ಲ ಅಲ್ಲಿ ಆಡಿ ಹಗುರಾಗುವವರಿದ್ದಾರೆ. ನಮ್ಮ ಡಾಕ್ಟರು ಆ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಪರೀಕ್ಷೆಗೆ ತಯಾರಾಗುತ್ತಿದ್ದರು. ಅವರು ಮಾಡಿದ್ದು ಅಷ್ಟೇ. ಅಷ್ಟಕ್ಕೇ ಸಂಜೆಯೊಳಗೆ ಅವರ ಮಾನ ಮಹಡಿ ಇಳಿದು, ಬೀದಿ ದಾಟಿ, ದೊಡ್ಡಾಸ್ಪತ್ರೆಯ ಬೆಂಚಿನವರೆಗೂ ಹೋಗಿ ಕೂತಿತು.

ನಲವತ್ತು ದಾಟಿದ, ಬೀದಿಮೂಲೆಯಲ್ಲಿ ಸ್ವಂತ ಕ್ಲಿನಿಕ್ ಇರುವ ಡಾಕ್ಟರಿಗೆ ಇನ್ನೆಂಥ ಪರೀಕ್ಷೆ ಅಂತೀರಾ? ಅದನ್ನೇ ಕಟ್ಟಡದವರೂ ಕೇಳಿದ್ದರು. 'ಸಕ್ಕರೆ ಕಾಯಿಲೆ ಬಗ್ಗೆ ಮೇಲಿನ ಓದು' ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಸುಳ್ಳು. ಅವರು ಎರಡು ವರ್ಷದಿಂದ ದೊಡ್ಡಾಸ್ಪತ್ರೆಯಲ್ಲಿ ಓದುತ್ತಿದ್ದದ್ದು ಲೈಂಗಿಕ ತೊಂದರೆಗಳನ್ನು ಪತ್ತೆಹಚ್ಚಿ ವಾಸಿಮಾಡುವ ವಿದ್ಯೆ. ಅಂದರೆ ದೀಪ ಆರಿಸಿದ ಮೇಲೆ ಗಂಡ ಹೆಂಡಿರ ನಡುವೆ ಬಂದು ಮಲಗುವ, ಯಾರಿಗೂ ಹೇಳಿಕೊಳ್ಳಲಾಗದ ಕಷ್ಟಗಳ ಶಾಸ್ತ್ರ.

ಅವರು ಚಪಲಕ್ಕೆ ಈ ಓದಿಗೆ ಸೇರಿದವರಲ್ಲ. ಕ್ಲಿನಿಕ್ಕಿಗೆ ತಲೆನೋವು ಎಂದು ಬಂದವರು ಮಾತ್ರೆ ಬರೆಸಿಕೊಂಡು ಎದ್ದು, ಬಾಗಿಲ ಪರದೆ ಹಿಡಿದು ನಿಂತು, "ಇನ್ನೊಂದು ವಿಷಯ ಡಾಕ್ಟ್ರೇ" ಅನ್ನುತ್ತಿದ್ದರು. "ಏನು?" ಅಂದರೆ, "ಏನಿಲ್ಲ, ಬರ್ತೀನಿ." ಆ 'ಏನಿಲ್ಲ' ಏನು ಎನ್ನುವುದು ಡಾಕ್ಟರಿಗೆ ಗೊತ್ತಾಗುತ್ತಿತ್ತು. ಆದರೆ ಕರೆದು ಕೂರಿಸಿ ಕೇಳುವ ಧೈರ್ಯ ಇರಲಿಲ್ಲ. ಅವರು ಹೋದರೆ ಸಾಕಪ್ಪಾ ಅನ್ನಿಸುತ್ತಿತ್ತು. ಹಾಗೆ ಹೋದವನೊಬ್ಬ ಕೆಲವು ವರ್ಷಗಳ ಮೇಲೆ ಜ್ವರಕ್ಕೆಂದು ಬಂದ. "ಹೆಂಡತಿ ಬಿಟ್ಟು ಹೋದಳು ಡಾಕ್ಟ್ರೇ. ಆವತ್ತು ನಿಮ್ಮನ್ನ ಕೇಳೋಣಾಂತ್ಲೇ ಬಂದಿದ್ದೆ" ಎಂದು ಹೇಳಿ ಎದ್ದುಹೋದ. ಡಾಕ್ಟರು ಆ ರಾತ್ರಿ ಊಟ ಮಾಡಲಿಲ್ಲ. ಮಾರನೆಯ ದಿನ ಹೋಗಿ ಓದಿಗೆ ಸೇರಿದರು.

ಓದೇನೋ ತಲೆಗೆ ಹತ್ತಿತು, ನಾಲಿಗೆಗೆ ಇಳಿಯಲಿಲ್ಲ. ಬರೆಯುವ ಪರೀಕ್ಷೆಯಲ್ಲಿ ಇಡೀ ತರಗತಿಗೇ ಮೊದಲಿಗರು. ಎದುರಿಗೊಬ್ಬ ಮನುಷ್ಯನನ್ನು ಕೂರಿಸಿ 'ಕೇಳಿ' ಅಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಕೆನ್ನೆ, ಕೊನೆಗೆ ಬೋಳುತಲೆಯ ನೆತ್ತಿಯವರೆಗೂ. ಜೊತೆಯವರು ಟೊಮ್ಯಾಟೊ ಎಂದು ಹೆಸರಿಟ್ಟಿದ್ದರು. ಆ ತರಗತಿಯ ಪದ್ಧತಿ ಏನೆಂದರೆ, ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಒಬ್ಬರನ್ನು ಡಾಕ್ಟರು, ಇನ್ನೊಬ್ಬರನ್ನು ರೋಗಿ ಮಾಡಿ ಅಭ್ಯಾಸ ಮಾಡಿಸುವುದು. ಡಾಕ್ಟರ ಕುರ್ಚಿಯಲ್ಲಿ ನಮ್ಮವರು ಬಾಯೇ ಬಿಡದ್ದರಿಂದ, ಎರಡು ವರ್ಷವೂ ಅವರಿಗೆ ರೋಗಿಯ ಕುರ್ಚಿಯೇ ಗತಿಯಾಯಿತು. ರೋಗಿಯಾಗಿ ಕೂತರೆ ಮಾತ್ರ, ಅಬ್ಬಬ್ಬಾ! ಇನ್ನೊಬ್ಬರ ಕಷ್ಟ ಹೇಳುವುದಕ್ಕೆ ನಾಚಿಕೆ ಯಾತರದು? ತಲೆ ತಗ್ಗಿಸಿ, ನಿಟ್ಟುಸಿರು ಬಿಟ್ಟು, ಗದ್ಗದ ಕಂಠದಲ್ಲಿ "ಎರಡು ವರ್ಷ ಆಯ್ತು ಡಾಕ್ಟ್ರೇ" ಎಂದು ಶುರುಮಾಡಿದರೆ ಡಾಕ್ಟರಾಗಿ ಕೂತವರೇ ಮೂಗೊರೆಸಿಕೊಳ್ಳುತ್ತಿದ್ದರು. ಹೀಗೆ ಅವರು ತರಗತಿಯ ಖಾಯಂ ರೋಗಿಯಾದರು.

ಮಾತಿನ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಇದು ಮೂರನೆಯದು, ಕೊನೆಯದು. ದೊಡ್ಡಾಸ್ಪತ್ರೆಯಲ್ಲಿ ಹೊಸದಾಗಿ ತೆರೆಯುತ್ತಿದ್ದ ವಿಭಾಗದಲ್ಲಿ ಒಂದು ಕುರ್ಚಿಯನ್ನು ಅವರ ಗುರುಗಳಾದ ಮೇಡಂ ಇವರಿಗೆಂದೇ ಕಾದಿಟ್ಟಿದ್ದರು. "ಈ ಸಲ ಪಾಸಾದ್ರೆ ಕುರ್ಚಿ ನಿಮ್ಮದು, ಇಲ್ಲಾಂದ್ರೆ ಬೇರೆಯವರನ್ನ ಕೂರಿಸ್ತೀನಿ" ಎಂದು ಖಡಾಖಂಡಿತವಾಗಿ ಹೇಳಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಪರೀಕ್ಷೆ.

"ಕನ್ನಡಿ ಮುಂದೆ ನಿಂತ್ಕೊಂಡು ಬಾಯಿಬಿಟ್ಟು ಹೇಳಿ ನೋಡಿ. ನಿಮ್ಮ ಮುಖಕ್ಕೆ ನೀವೇ ನಾಚ್ಕೊಂಡ್ರೆ ಆಮೇಲೆ ದೇವರೇ ಗತಿ" ಎಂದು ಅವರ ಹೆಂಡತಿ, ಗಣಿತದ ಟೀಚರಮ್ಮ, ಸಲಹೆ ಕೊಟ್ಟು ಶಾಲೆಗೆ ಹೊರಟುಹೋದರು. ಆ ಮನೆಯಲ್ಲಿ ಮುಖವಿಡೀ ಕಾಣುವ ಕನ್ನಡಿ ಇದ್ದದ್ದು ಬಚ್ಚಲುಮನೆಯಲ್ಲಿ.

ಡಾಕ್ಟರು ಕನ್ನಡಿಯ ಮುಂದೆ ನಿಂತರು. ಎರಡೂ ಪಾರ್ಟು ಒಬ್ಬರೇ ಮಾಡಬೇಕು. ಡಾಕ್ಟರಾಗಿ ಕೇಳುವಾಗ ನಾಚಿಕೆಯಿಂದ ದನಿ ಗಂಟಲಲ್ಲೇ ಉಳಿದು ಪಿಸುಗುಟ್ಟಿತು. ರೋಗಿಯಾಗಿ ಉತ್ತರಿಸುವಾಗ ಎರಡು ವರ್ಷದ ಪಳಗಿದ ಕಂಠ ಖಣಿಖಣಿ ಎಂದು ಹೊರಟಿತು. ಕನ್ನಡಿಯ ಮೇಲೆ ಗಾಳಿಕಿಂಡಿ ಇತ್ತು. ಅದರಾಚೆ ಕಟ್ಟಡದ ಬಚ್ಚಲುಗಳೆಲ್ಲ ತೆರೆದುಕೊಳ್ಳುವ ಒಂದೇ ಗಾಳಿಗೂಡು ಇತ್ತು, ಕೆಳಗಿನ ಮಾತು ಮೇಲಕ್ಕೆ ಕೇಳಿಸುವಂಥದ್ದು. ಮೇಲಿನ ಮನೆಯಲ್ಲಿ ದೊಡ್ಡಮ್ಮ ಹಲ್ಲುಜ್ಜುತ್ತಿದ್ದರು.

ಈ ದೊಡ್ಡಮ್ಮ ಯಾರಿಗೂ ದೊಡ್ಡಮ್ಮನಲ್ಲ, ಎಲ್ಲರಿಗೂ ದೊಡ್ಡಮ್ಮ. ನಿವೃತ್ತ ಹೆಡ್‌ಮಿಸ್ಸು. ಅವರ ಕಿವಿಗೆ ಬಿದ್ದದ್ದು ಇಷ್ಟು:

"ಎರಡು ವರ್ಷ ಆಯ್ತು ಡಾಕ್ಟ್ರೇ."

ಸ್ವಲ್ಪ ಹೊತ್ತು ಮೌನ.

"ಮೊದಲು ಹಿಂಗಿರಲಿಲ್ಲ. ಈಗ ರಾತ್ರಿ ಆಯ್ತು ಅಂದ್ರೆ ಎದೆ ಢವಢವ ಅನ್ನುತ್ತೆ."

ಮತ್ತೆ ಮೌನ.

"ಇಲ್ಲ ಡಾಕ್ಟ್ರೇ, ಅವಳು ಬಾಯಿಬಿಟ್ಟು ಒಂದು ಮಾತೂ ಅಂದಿಲ್ಲ. ಗೋಡೆ ಕಡೆ ತಿರುಗಿ ಮಲಗ್ತಾಳೆ, ಅಷ್ಟೇ."

ದೊಡ್ಡಮ್ಮ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟರು. ಪಾಪ, ಫೋನಿನಲ್ಲಿ ಬೇರೆ ಡಾಕ್ಟರ ಹತ್ತಿರ ಹೇಳಿಕೊಳ್ಳುತ್ತಿದ್ದಾನೆ! ಅವರ ಕಣ್ಣು ತುಂಬಿ ಬಂತು. ಬಾಯಿ ತೊಳೆದುಕೊಂಡು, ಇಂಥ ವಿಷಯ ಯಾರಿಗೂ ಹೇಳಬಾರದು ಎಂದುಕೊಂಡರು. ಅದನ್ನೇ ಕೆಳಗಿನ ಮನೆಯ ಕಾರ್ಯದರ್ಶಿಗೂ ಎದುರು ಮನೆಯ ಪೈಲ್ವಾನನಿಗೂ ಒತ್ತಿ ಒತ್ತಿ ಹೇಳಿದರು: "ಯಾರಿಗೂ ಹೇಳಬೇಡ್ರಪ್ಪಾ."

ಡಾಕ್ಟರು ಕ್ಲಿನಿಕ್ಕಿಗೆಂದು ಮೆಟ್ಟಿಲಿಳಿಯುವಾಗ ದೊಡ್ಡಮ್ಮ ಅಡ್ಡ ಬಂದು, ನೆನೆಸಿ ಸಿಪ್ಪೆ ತೆಗೆದ ಬಾದಾಮಿಯ ಡಬ್ಬಿಯನ್ನು ಕೈಗಿಟ್ಟರು.

"ತಗೋ ಮಗೂ. ದಿನಾ ಒಂದು ಹಿಡಿ ತಿನ್ನು. ನನಗೇನೂ ಹೇಳಬೇಕಾಗಿಲ್ಲ, ನಾನೇನೂ ಕೇಳೋದೂ ಇಲ್ಲ."

ಇವತ್ತೇ ಪರೀಕ್ಷೆ ಎಂದು ಹೆಂಡತಿ ಹೇಳಿರಬೇಕು, ಜ್ಞಾಪಕಶಕ್ತಿಗೆ ಬಾದಾಮಿ ಕೊಡುತ್ತಿದ್ದಾರೆ ಎಂದುಕೊಂಡ ಡಾಕ್ಟರಿಗೆ ಎದೆ ತುಂಬಿ ಬಂತು. "ತುಂಬಾ ಉಪಕಾರ ದೊಡ್ಡಮ್ಮ. ಇವತ್ತೇ ಬೇಕಾಗಿತ್ತು."

"ಇವತ್ತೇನಾ! ಅದು ಒಂದೇ ದಿನಕ್ಕೆಲ್ಲಾ ಕೆಲಸ ಮಾಡಲ್ಲ ಕಣೋ."

"ಮಧ್ಯಾಹ್ನ ಮೂರರವರೆಗೆ ಟೈಮಿದೆಯಲ್ಲ."

"ಮಧ್ಯಾಹ್ನ ಮೂರಕ್ಕಾ?" ದೊಡ್ಡಮ್ಮ ಕಂಬಿ ಹಿಡಿದುಕೊಂಡರು.

"ಎರಡು ಸಲ ಪ್ರಯತ್ನ ಮಾಡಿದೆ ದೊಡ್ಡಮ್ಮ, ಆಗಲಿಲ್ಲ. ಹತ್ತಿರ ಹೋಗಿ ಕೂತ ತಕ್ಷಣ ಬೆವರಿಳಿಯುತ್ತೆ. ಇವತ್ತೂ ಆಗಲಿಲ್ಲಾಂದ್ರೆ ನನ್ನ ಜಾಗಕ್ಕೆ ಬೇರೆಯವರನ್ನ ತಗೋತಾರಂತೆ."

"ಹಂಗಂತ ಅವಳು ಬಾಯಿಬಿಟ್ಟೇ ಹೇಳಿದಳಾ?"

"ಮೊನ್ನೆ ಎಲ್ಲರ ಎದುರಿಗೇ ಹೇಳಿದ್ರು ದೊಡ್ಡಮ್ಮ!" ಎಂದು ಡಾಕ್ಟರು ಮೇಡಂ ಅನ್ನು ನೆನೆದು ನಿಟ್ಟುಸಿರುಬಿಟ್ಟು, ಎರಡು ಬಾದಾಮಿ ಬಾಯಿಗೆಸೆದುಕೊಂಡು ಇಳಿದುಹೋದರು. ದೊಡ್ಡಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಚೇತರಿಸಿಕೊಂಡ ಮೇಲೆ ಅವರು ಮಾಡಿದ ಮೊದಲ ಕೆಲಸ, ಟೀಚರಮ್ಮನ ತಾಯಿಗೆ ಫೋನು.

ಕ್ಲಿನಿಕ್ಕಿನ ಬಾಗಿಲು ತೆಗೆಯುವಷ್ಟರಲ್ಲಿ ಪೈಲ್ವಾನ ಕಾದು ನಿಂತಿದ್ದ. ಆತ ಎದುರುಗಡೆ ಜಿಮ್ ಇಟ್ಟುಕೊಂಡಿದ್ದವನು. ಬಾಗಿಲಲ್ಲಿ ಅಡ್ಡವಾಗಿ ನುಗ್ಗಬೇಕು, ಅಂಥ ಭುಜ. ಕೈಯಲ್ಲಿ ಒಂದು ಟ್ರೇ ಮೊಟ್ಟೆ.

"ಹಸಿಯಾಗೇ ಕುಡೀಬೇಕು ಡಾಕ್ಟ್ರೇ" ಅಂದ, ಗುಟ್ಟಿನ ದನಿಯಲ್ಲಿ.

"ಯಾಕಯ್ಯಾ?"

"ಎಲ್ಲಾ ಗೊತ್ತಾಯ್ತು ಬಿಡಿ. ಬಚ್ಚಲುಮನೇಲಿ ಫೋನ್ ಹಿಡ್ಕೊಂಡು ಅತ್ತಿದ್ದೂ ಗೊತ್ತಾಯ್ತು. ದೊಡ್ಡಮ್ಮ ನನಗೊಬ್ಬನಿಗೇ ಹೇಳಿದ್ದು, ನಾನು ಜಿಮ್ಮಿನವರಿಗೆ ಬಿಟ್ರೆ ಇನ್ಯಾರಿಗೂ ಹೇಳಿಲ್ಲ."

ಡಾಕ್ಟರ ತಲೆಗೆ ವಿಷಯ ಹೋಗುವುದಕ್ಕೆ ಒಂದು ಕ್ಷಣ ಹಿಡಿಯಿತು. ಹೋದದ್ದೇ ತಡ ಕಿವಿ ಕೆಂಪಾಗತೊಡಗಿತು. "ಅಯ್ಯೋ, ಅದು ಫೋನಲ್ಲಪ್ಪಾ! ಪರೀಕ್ಷೆಗೆ ಅಭ್ಯಾಸ ಮಾಡ್ತಿದ್ದೆ. ನಾನು ಓದ್ತಿರೋದೇ ಆ ವಿಷಯ!"

"ಸಕ್ಕರೆ ಕಾಯಿಲೆ ಅಂದಿದ್ರಲ್ಲ?"

"ಅದು ಸುಳ್ಳು ಹೇಳಿದ್ದು."

"ಯಾಕೆ?"

"ನಾಚಿಕೆಗೆ."

ಪೈಲ್ವಾನ ಸ್ವಲ್ಪ ಯೋಚಿಸಿದ. "ಅಲ್ಲಾ, ನಿಮಗೇನೂ ತೊಂದರೆ ಇಲ್ಲಾಂದ್ಮೇಲೆ ನಾಚಿಕೆ ಯಾಕೆ ಡಾಕ್ಟ್ರೇ?"

ಡಾಕ್ಟರ ಕೆನ್ನೆಗೂ ಕೆಂಪು ಏರಿತು. ಅದನ್ನೇ ಉತ್ತರ ಎಂದುಕೊಂಡು ಪೈಲ್ವಾನ ಮೊಟ್ಟೆಯನ್ನು ಮೇಜಿನ ಮೇಲಿಟ್ಟ. ಹೊರಟವನು ಪರದೆ ಹಿಡಿದು ನಿಂತ. "ನನ್ನ ಸ್ನೇಹಿತನೊಬ್ಬನಿಗೂ ಹಿಂಗೇ ಏನೋ ಇದೆ ಡಾಕ್ಟ್ರೇ. ಅವನೂ ಮೊಟ್ಟೆ ಕುಡೀತಾನೆ..."

"ಹೋಗಯ್ಯಾ ಮಾರಾಯ!" ಎಂದು ಡಾಕ್ಟರು ಕೈಮುಗಿದರು. ಪೈಲ್ವಾನ ಮುಖ ಸಣ್ಣಗೆ ಮಾಡಿಕೊಂಡು ಹೋದ.

ಎರಡು ವರ್ಷದ ಹಿಂದೆ ಮೇಡಂ ಮೊಟ್ಟಮೊದಲ ದಿನವೇ ಒಂದು ಮಾತು ಹೇಳಿದ್ದರು: "ಈ ತೊಂದರೆಯಿರೋನು ಯಾವತ್ತೂ ತನಗೆ ಅಂತ ಬರಲ್ಲ, ಸ್ನೇಹಿತನಿಗೆ ಅಂತ ಬರ್ತಾನೆ. ಆ ಸ್ನೇಹಿತನನ್ನ ಕೂರಿಸಿ ಮಾತಾಡಿಸಿ." ಪರೀಕ್ಷೆಯಲ್ಲಿ ಡಾಕ್ಟರು ಇದನ್ನು ಅಂದವಾಗಿ ಬರೆದು ಅಂಕ ತೆಗೆದುಕೊಂಡಿದ್ದರು. ಈಗ ಅವರಿಗೆ ನೆನಪಾದದ್ದು ತಮ್ಮ ಮಾನ ಒಂದೇ.

ಪೈಲ್ವಾನನ ಹಿಂದೆಯೇ ಕಾರ್ಯದರ್ಶಿಗಳು ಬಂದರು. ಕಟ್ಟಡದ ಸಂಘದ ಕಾರ್ಯದರ್ಶಿಗಳು, ನಿಯಮದ ಮನುಷ್ಯರು. ಲಿಫ್ಟಿನಲ್ಲಿ ಇಬ್ಬರಿಗಿಂತ ಹೆಚ್ಚು ಜನ ನಗಬಾರದು ಎಂದು ಬೇಕಾದರೂ ಬೋರ್ಡು ಹಾಕಿಯಾರು. ಸ್ಕೂಟರನ್ನು ಗೇಟಿನೊಳಗೆ ತಳ್ಳಿಕೊಂಡು ಹೋಗುವಾಗಲೂ ತಲೆಯಿಂದ ಹೆಲ್ಮೆಟ್ ಇಳಿಸುವವರಲ್ಲ. ಬಿ.ಪಿ. ನೋಡಿಸಿಕೊಳ್ಳುವ ನೆಪ ಹೇಳಿ ತೋಳು ಚಾಚಿ ಕೂತರು.

"ಬಿ.ಪಿ. ಬಹಳ ಚೆನ್ನಾಗಿದೆ. ಮಾತ್ರೆ ಕೆಲಸ ಮಾಡ್ತಾ ಇದೆ" ಎಂದರು ಡಾಕ್ಟರು.

"ಹೂಂ. ಮಾತ್ರೆ ಕೆಲಸ ಮಾಡ್ತಾ ಇದೆ" ಎಂದರು ಕಾರ್ಯದರ್ಶಿಗಳು, ಅದೇನೂ ದೊಡ್ಡ ಸಂತೋಷದ ಸುದ್ದಿಯಲ್ಲ ಎನ್ನುವ ಹಾಗೆ. ಎದ್ದು ಪರದೆಯವರೆಗೆ ಹೋದರು. ಪರದೆ ಹಿಡಿದರು. ತಿರುಗಿದರು. "ಡಾಕ್ಟ್ರೇ, ನಿಮ್ಮ ವಿಷಯ ಕೇಳಿ ಬೇಜಾರಾಯ್ತು. ನನ್ನ ಸ್ನೇಹಿತನೊಬ್ಬನಿಗೂ ನಿಮ್ಮ ಥರಾನೇ..."

"ನನಗೇನೂ ಆಗಿಲ್ಲಾ ರೀ!" ಡಾಕ್ಟರು ಎದ್ದೇ ನಿಂತರು. "ನಿಮ್ಮ ಸ್ನೇಹಿತನಿಗೆ ತೊಂದರೆ ಇದ್ರೆ ದೊಡ್ಡಾಸ್ಪತ್ರೆಗೆ ಹೋಗಕ್ಕೆ ಹೇಳಿ! ಹೊಸ ವಿಭಾಗ ಮಾಡಿದಾರೆ! ನನ್ನ ತಲೆ ತಿನ್ನಬೇಡಿ!"

"ದೊಡ್ಡಾಸ್ಪತ್ರೆ" ಎಂದು ಕಾರ್ಯದರ್ಶಿಗಳು ಗುಣುಗುಣಿಸಿಕೊಂಡು, ಹೆಲ್ಮೆಟ್ ಹಾಕಿಕೊಂಡು ಹೊರಟರು.

ಹೊರಗಿನ ಬೆಂಚಿನಲ್ಲಿ ಕೂತಿದ್ದ ರೋಗಿಗಳೆಲ್ಲ ಡಾಕ್ಟರನ್ನು ಕರುಣೆಯಿಂದ ನೋಡತೊಡಗಿದರು. ಕೆಮ್ಮಿಗೆಂದು ಬಂದಿದ್ದ ಅಜ್ಜ ಔಷಧಿ ತೆಗೆದುಕೊಂಡು, "ಧೈರ್ಯವಾಗಿರಿ" ಎಂದು ಡಾಕ್ಟರ ಬೆನ್ನು ತಟ್ಟಿ ಹೋದ.

ಊಟದ ಹೊತ್ತಿಗೆ ಅತ್ತೆ ಬಂದಿಳಿದರು. ಅವರ ಹಿಂದೆ, ಎಲ್ಲಾದರೂ ಕುಳಿತುಕೊಳ್ಳಲು ಸಿಕ್ಕರೆ ಸಾಕು ಎನ್ನುವ ಮುಖದ ಮಾವ.

"ಅಳಿಯಂದ್ರೇ, ನಾನು ನಿಮ್ಮನ್ನ ಬೈಯೋಕೆ ಬಂದಿಲ್ಲ" ಎಂದು ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಶುರುಮಾಡಿದರು. "ನನ್ನ ಮಗಳು ಬಂಗಾರ. ಎರಡು ವರ್ಷದಿಂದ ಗೋಡೆ ನೋಡ್ಕೊಂಡು ಮಲಗಿದಾಳೆ, ನಮಗೆ ಒಂದು ಮಾತು ಹೇಳಿಲ್ಲ! ಅಂಥವಳು ಎಲ್ಲರ ಎದುರಿಗೆ ಬೇರೆಯವರನ್ನ ತಗೋತೀನಿ ಅಂತ ಬಾಯಿಬಿಟ್ಟು ಹೇಳಬೇಕಾದ್ರೆ ಅವಳ ಹೊಟ್ಟೆ ಎಷ್ಟು ಉರಿದಿರಬೇಕು!"

"ಅತ್ತೆ, ಅದು ಅವಳು ಹೇಳಿದ್ದಲ್ಲ, ಮೇಡಂ ಹೇಳಿದ್ದು!"

"ಮೇಡಂ ಯಾರು?" ಅತ್ತೆಯ ದನಿ ಥಟ್ಟನೆ ತಣ್ಣಗಾಯಿತು. ಮಾವ ಮೊದಲ ಬಾರಿಗೆ ಆಸಕ್ತಿಯಿಂದ ತಲೆಯೆತ್ತಿದರು.

ಇನ್ನು ವಿವರಿಸಿ ಪ್ರಯೋಜನವಿಲ್ಲ ಎಂದು ಡಾಕ್ಟರು ಶಾಲೆಗೆ ಫೋನು ಹಚ್ಚಿದರು. ಟೀಚರಮ್ಮ ಒಬ್ಬರು ಹೇಳಿದರೆ ಎಲ್ಲ ತಿಳಿಯಾದೀತು. ಬಚ್ಚಲುಮನೆಯಿಂದ ಹಿಡಿದು ಮೊಟ್ಟೆಯ ಟ್ರೇವರೆಗೆ ಒಂದೇ ಉಸಿರಿಗೆ ಹೇಳಿ, "ನಿಮ್ಮಮ್ಮನಿಗೆ ನೀನೇ ಹೇಳು" ಎಂದು ಫೋನನ್ನು ಅತ್ತೆಯ ಕಿವಿಗಿಟ್ಟರು. ಅಷ್ಟು ಹೊತ್ತಿಗೆ ಆ ಕಡೆ ಟೀಚರಮ್ಮನಿಗೆ ನಗು ಉಕ್ಕಿ ಉಕ್ಕಿ ಬಂದು, ಸ್ಟಾಫ್ ರೂಮಿನಲ್ಲಿ ಜೋರಾಗಿ ನಗುವ ಹಾಗೂ ಇಲ್ಲದೆ, ಬಾಯಿಗೆ ಸೆರಗು ತುರುಕಿಕೊಂಡು ಬಿಕ್ಕುತ್ತಿದ್ದರು. "ಅಮ್ಮಾ... ಅವರು... ಅಯ್ಯೋ ಅಮ್ಮಾ..." ಎನ್ನುವುದಕ್ಕಿಂತ ಹೆಚ್ಚಿಗೆ ಒಂದು ಮಾತೂ ಹೊರಡಲಿಲ್ಲ.

"ಅಳ್ತಾ ಇದಾಳೆ ರೀ!" ಎಂದು ಅತ್ತೆ ಮಾವನ ತೋಳು ಹಿಡಿದುಕೊಂಡು ತಾವೂ ಅಳತೊಡಗಿದರು. ಮಾವ ಏನು ಮಾಡುವುದೆಂದು ತೋಚದೆ ಅಳಿಯನ ಡಬ್ಬಿಯಿಂದ ಒಂದು ಬಾದಾಮಿ ತಿಂದರು.

ಗಡಿಯಾರ ನೋಡಿದ ಡಾಕ್ಟರು ಕಾಲಿಗೆ ಬುದ್ಧಿ ಹೇಳಿದರು. ಬಸ್ಸು ಹಿಡಿದು ದೊಡ್ಡಾಸ್ಪತ್ರೆ ತಲುಪುವವರೆಗೂ ಬಾಯಲ್ಲಿ ಒಂದೇ ಜಪ: 'ಎಷ್ಟು ದಿನದಿಂದ? ಇದ್ದಕ್ಕಿದ್ದ ಹಾಗಾ, ನಿಧಾನವಾಗಾ? ನಿದ್ದೆ ಹೇಗಿದೆ? ಬೇರೆ ಕಾಯಿಲೆ? ಮಾತ್ರೆ?' ಅಕ್ಕಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಹೋಗಲಿ. ಆ ಕುರ್ಚಿಯೊಂದು ಸಿಕ್ಕಿಬಿಟ್ಟರೆ ಪರದೆ ಹಿಡಿದು ನಿಂತವರನ್ನೆಲ್ಲ ಕರೆದು ಕೂರಿಸಿಕೊಳ್ಳಬಹುದು. ಅದಕ್ಕಾಗಿ ಇಷ್ಟೆಲ್ಲ ಅವಮಾನ ನುಂಗಿದರೂ ಚಿಂತೆಯಿಲ್ಲ ಅನ್ನಿಸಿತು ಅವರಿಗೆ, ನಿಜವಾಗಿಯೂ.

ಪರೀಕ್ಷೆಯ ಕೋಣೆಯಲ್ಲಿ ಮೇಜಿನಾಚೆ ಮೇಡಂ, ಪಕ್ಕದಲ್ಲಿ ಖಾಲಿ ಕುರ್ಚಿ. ರೋಗಿಯ ಪಾರ್ಟು ಮಾಡಲು ಆಸ್ಪತ್ರೆಯವರು ಪಳಗಿದ ನಟನೊಬ್ಬನನ್ನು ಕರೆಸಿದ್ದರು. ಡಾಕ್ಟರು ಡಾಕ್ಟರ ಕುರ್ಚಿಯಲ್ಲಿ ಕೂತು ಮೆಲ್ಲಗೆ ಕಿವಿ ಮುಟ್ಟಿ ನೋಡಿಕೊಂಡರು. ತಣ್ಣಗಿತ್ತು! ಬೆಳಿಗ್ಗೆಯಿಂದ ಅಷ್ಟು ಸಲ ಕೆಂಪಾಗಿ ಕೆಂಪೆಲ್ಲ ಖರ್ಚಾಗಿಹೋಗಿತ್ತೋ ಏನೋ. ಅವರಿಗೆ ಹೊಸ ಜೀವ ಬಂದಂತಾಯಿತು.

"ಬನ್ನಿ, ಕೂತ್ಕೊಳ್ಳಿ. ಏನು ತೊಂದರೆ? ನಿಧಾನವಾಗಿ ಹೇಳಿ, ನಾನಿದೀನಿ" ಎಂದರು ಸ್ಪಷ್ಟವಾದ ದನಿಯಲ್ಲಿ. ಮೇಡಂ ಹುಬ್ಬೇರಿಸಿ ಮೆಚ್ಚುಗೆ ತೋರಿದರು.

ನಟ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಆಚೀಚೆ ನೋಡಿದ. ದನಿ ತಗ್ಗಿಸಿದ. "ತೊಂದರೆ ನನಗಲ್ಲ ಡಾಕ್ಟ್ರೇ. ನನ್ನ ಸ್ನೇಹಿತನೊಬ್ಬನಿಗೆ..."

ಡಾಕ್ಟರೊಳಗೆ ಏನೋ ಫಟ್ಟೆಂದಿತು.

"ಸ್ನೇಹಿತ! ಬೆಳಿಗ್ಗೆಯಿಂದ ಬರೀ ಸ್ನೇಹಿತರದ್ದೇ ಕಾಟ!" ಎಂದು ಮೇಜು ಗುದ್ದಿ ಎದ್ದರು. "ನನಗೇನೂ ಆಗಿಲ್ಲ ಕಣ್ರೀ! ನಾನು ಸರಿಯಾಗಿದೀನಿ! ಬೇಕಾದ್ರೆ ನನ್ನ ಹೆಂಡತೀನ ಕೇಳಿ! ನನಗೆ ಬಾದಾಮೀನೂ ಬೇಡ, ಹಸಿ ಮೊಟ್ಟೇನೂ ಬೇಡ, ಯಾರ ಕರುಣೇನೂ ಬೇಡ!"

ನಟ ಗಾಬರಿಯಿಂದ ಮೇಡಂ ಮುಖ ನೋಡಿದ. ಮೇಡಂ ಅವನಿಗೆ ಹೊರಗೆ ಹೋಗುವಂತೆ ಸನ್ನೆ ಮಾಡಿದರು. ಬಾಗಿಲು ಹಾಕಿದ ಮೇಲೆ ಕನ್ನಡಕ ತೆಗೆದಿಟ್ಟು, ತಾಯಿಯ ಹಾಗೆ ಮೃದುವಾಗಿ ಕೇಳಿದರು: "ಎಷ್ಟು ದಿನದಿಂದ?"

ಅಭ್ಯಾಸಬಲ ಅಂದರೆ ಇದೇ ನೋಡಿ. ಎರಡು ವರ್ಷದಿಂದ ಆ ಕೋಣೆಯಲ್ಲಿ ಆ ಪ್ರಶ್ನೆ ಕೇಳಿದಾಗಲೆಲ್ಲ ಏನು ಮಾಡುತ್ತಿದ್ದರೋ ಡಾಕ್ಟರ ದೇಹ ಅದನ್ನೇ ಮಾಡಿತು. ತಲೆ ತಾನಾಗಿ ತಗ್ಗಿತು. ನಿಟ್ಟುಸಿರು ತಾನಾಗಿ ಹೊರಟಿತು. "ಎರಡು ವರ್ಷ ಆಯ್ತು ಡಾಕ್ಟ್ರೇ."

"ಹೆಂಡತಿ ಏನಂತಾರೆ?"

"ಬಾಯಿಬಿಟ್ಟು ಒಂದು ಮಾತೂ ಅಂದಿಲ್ಲ. ಗೋಡೆ ಕಡೆ..." ಅಷ್ಟು ಹೇಳಿ ಡಾಕ್ಟರು ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಅಲ್ಲ ಮೇಡಂ! ಅದು ನನ್ನದಲ್ಲ! ಪಾರ್ಟು!"

"ಗೊತ್ತಾಯ್ತು. ನನ್ನದೂ ತಪ್ಪಿದೆ" ಎಂದರು ಮೇಡಂ. "ಎರಡು ವರ್ಷದಿಂದ ನಿಮ್ಮನ್ನ ಆ ಕುರ್ಚೀಲಿ ನೋಡ್ತಾ ಇದೀನಿ. ಇಷ್ಟು ಚೆನ್ನಾಗಿ ಯಾರೂ ನಟನೆ ಮಾಡಲ್ಲ ಅಂತ ಆವಾಗಲೇ ನನಗೆ ಹೊಳೀಬೇಕಿತ್ತು. ಬೆವರು, ಸಿಟ್ಟು, ಕೇಳೋಕೆ ಮುಂಚೆಯೇ ಇಲ್ಲ ಇಲ್ಲ ಅನ್ನೋದು. ಎಲ್ಲಾ ನಾನೇ ಪಾಠ ಮಾಡಿರೋದು. ಡಾಕ್ಟರಿಗೆ ಕಾಯಿಲೆ ಬರಬಾರದು ಅಂತೇನಿಲ್ಲ. ನಾಚ್ಕೋಬೇಡಿ. ಬುಧವಾರ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ. ನಾನೇ ನೋಡ್ತೀನಿ."

"ಪರೀಕ್ಷೆ ಮೇಡಂ? ಕುರ್ಚಿ?"

"ಮೊದಲು ವಾಸಿಯಾಗಲಿ. ಅಲ್ಲಿವರೆಗೆ ಕುರ್ಚೀಲಿ ಬೇರೆಯವರು ಕೂತಿರ್ತಾರೆ."

ಹೊರಗೆ ಬಂದ ಡಾಕ್ಟರಿಗೆ ಆಸ್ಪತ್ರೆಯ ಕಾರಿಡಾರಿನ ಗೋಡೆಗಳು ತೇಲುತ್ತಿರುವಂತೆ ಕಂಡವು. ಈ ವಿದ್ಯೆಯಲ್ಲಿ ಯಾರ ಮಾತು ಕೊನೆಯ ಮಾತೋ ಆ ಮೇಡಮ್ಮೇ ಕಾಯಿಲೆ ಪತ್ತೆಹಚ್ಚಿದ ಮೇಲೆ ಇನ್ನು ಯಾರಿಗೆ ಹೋಗಿ ಹೇಳುವುದು? ಸಿಕ್ಕಿದ ಬೆಂಚಿನ ಮೇಲೆ ಕೂತರು. ಪಕ್ಕದಲ್ಲೊಬ್ಬರು ಕೂತಿದ್ದರು, ತಲೆ ಮೇಲೆ ಹೆಲ್ಮೆಟ್. ಒಳಗೆ, ಫ್ಯಾನಿನ ಕೆಳಗೆ, ಗಾಜು ಪೂರ್ತಿ ಇಳಿಸಿದ ಹೆಲ್ಮೆಟ್.

"ಕಾರ್ಯದರ್ಶಿಗಳೇ?" ಎಂದರು ಡಾಕ್ಟರು.

ಹೆಲ್ಮೆಟ್ ಬೆಚ್ಚಿಬಿತ್ತು. ಆಮೇಲೆ ಒಳಗಿನಿಂದ ಸಮಾಧಾನದ ದನಿ ಬಂತು. "ಓ, ನೀವೂ ಬಂದ್ರಾ! ಒಳ್ಳೇದಾಯ್ತು. ನಾನು... ನನ್ನ ಸ್ನೇಹಿತನಿಗೋಸ್ಕರ ಬಂದೆ."

ಈ ಸಲ ಡಾಕ್ಟರಿಗೆ ಸಿಟ್ಟು ಬರಲಿಲ್ಲ. ಹೆಲ್ಮೆಟ್ಟಿನ ಕೆಳಗೆ, ಮಡಿಲಲ್ಲಿ ಒಂದನ್ನೊಂದು ಹಿಸುಕುತ್ತಿದ್ದ ಎರಡು ಕೈಗಳು ಅವರಿಗೆ ಕಂಡವು. ಬೆಳಿಗ್ಗೆ ಪರದೆ ಹಿಡಿದು ನಿಂತಿದ್ದ ಕೈಗಳು ಅವೇ. ಎಂಥ ಮೂರ್ಖ ನಾನು ಅನ್ನಿಸಿತು. ಕಳೆದುಕೊಳ್ಳಲು ಇನ್ನು ಮಾನವೂ ಉಳಿದಿರಲಿಲ್ಲ. ಅವರು ಹತ್ತಿರ ಸರಿದು ಕೂತು, ಮಾಮೂಲು ಜ್ವರದ ವಿಷಯ ವಿಚಾರಿಸುವಷ್ಟು ಸಲೀಸಾಗಿ ಕೇಳಿದರು: "ಎಷ್ಟು ದಿನದಿಂದ, ನಿಮ್ಮ ಸ್ನೇಹಿತರಿಗೆ?"

"ಹೋದ ವರ್ಷದ ಕೊನೆಯಿಂದ."

ನಿದ್ದೆ, ಮನೆಯ ಜಗಳ, ಕುಡಿತ, ಸಕ್ಕರೆ ಎಲ್ಲವನ್ನೂ ಕೇಳಿದರು. ಮನಸ್ಸಿಗೆ ಆಸೆ ಇದೆಯಾ, ದೇಹವೇ ಮಾತು ಕೇಳುತ್ತಿಲ್ಲವಾ ಎಂದೂ ಕೇಳಿದರು. ಪುಸ್ತಕದಲ್ಲಿದ್ದ ಪ್ರಶ್ನೆಗಳನ್ನೆಲ್ಲ, ಹೆಸರು ಹಿಡಿದು, ಒಂದನ್ನೂ ನುಂಗದೆ ಕೇಳಿದರು. ಕಿವಿ ತಣ್ಣಗೇ ಇತ್ತು. ಹೆಲ್ಮೆಟ್ ಮೊದಮೊದಲು ಚುಟುಕಾಗಿ, ಬರಬರುತ್ತ ಬಿಚ್ಚುಮನಸ್ಸಿನಿಂದ ಉತ್ತರ ಹೇಳಿತು. ಇದನ್ನು ನೋಡಿ ಅಂಕ ಕೊಡಬೇಕಾದ ಮೇಡಂ ಮಾತ್ರ ಬಾಗಿಲ ಆಚೆ ಕೂತಿದ್ದರು.

"ಆ ಹೊತ್ತಿಗೆ ಹೊಸದಾಗಿ ಏನಾದ್ರೂ ಮಾತ್ರೆ ಶುರುಮಾಡಿದ್ರಾ?"

"ಬಿ.ಪಿ. ಮಾತ್ರೆ."

"ಅದೇ!" ಡಾಕ್ಟರು ತೊಡೆ ತಟ್ಟಿಕೊಂಡರು. ಜೀವನದಲ್ಲಿ ಮೊದಲ ಬಾರಿಗೆ ತಾವಾಗಿ ಕೇಳಿ, ತಾವಾಗಿ ಹಿಡಿದ ತೊಂದರೆ. ಆ ಸಂಭ್ರಮದಲ್ಲಿ ಅವರಿಗೆ ಬೇರೇನೂ ನೆನಪಿಗೆ ಬರಲಿಲ್ಲ. "ಕೆಲವು ಬಿ.ಪಿ. ಮಾತ್ರೆಯಿಂದ ಕೆಲವರಿಗೆ ಹಿಂಗಾಗುತ್ತೆ. ಅವರಾಗಿ ಅವರು ನಿಲ್ಲಿಸಬಾರದು, ಆದ್ರೆ ಡಾಕ್ಟ್ರು ಮಾತ್ರೆ ಬದಲಾಯಿಸಿದ್ರೆ ಸರಿಹೋಗೋ ಸಾಧ್ಯತೆ ಬಹಳ. ಇಷ್ಟು ಸಣ್ಣ ವಿಷಯಕ್ಕೆ ಪಾಪ ಇಷ್ಟು ದಿನ ನರಳಿದಾರಲ್ಲ! ಮಾತ್ರೆ ಬರೆಯೋವಾಗಲೇ ಆ ಡಾಕ್ಟ್ರು ಒಂದು ಮಾತು ಹೇಳಬೇಕಿತ್ತು. ಆಮೇಲಾದ್ರೂ ಬಾಯಿಬಿಟ್ಟು ಕೇಳಬೇಕಿತ್ತು. ಯಾರ್ರೀ ಆ ದಡ್ಡ?"

ಕಾರ್ಯದರ್ಶಿಗಳು ನಿಧಾನವಾಗಿ ಹೆಲ್ಮೆಟ್ ತೆಗೆದರು. ಕೂದಲೆಲ್ಲ ಬೆವರಿಗೆ ಅಂಟಿಕೊಂಡಿತ್ತು.

"ನೀವೇ ಡಾಕ್ಟ್ರೇ."

ಡಾಕ್ಟರಿಗೆ ಆ ದಿನ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ಆ ಮಾತ್ರೆ ಬರೆದುಕೊಡುವಾಗ ತಲೆಸುತ್ತು ಬರಬಹುದು ಎಂದಿದ್ದರು, ಸುಸ್ತಾಗಬಹುದು ಎಂದಿದ್ದರು. ಮೂರನೆಯದನ್ನು ಹೇಳುವ ಹೊತ್ತಿಗೆ ಕಿವಿ ಬಿಸಿಯಾಗಿ, ಕಿಟಕಿಯಾಚೆ ನೋಡಿ, "ಮುಂದಿನವರು ಬನ್ನಿ" ಎಂದುಬಿಟ್ಟಿದ್ದರು. ಖರ್ಚಾಗಿಹೋಗಿದೆ ಎಂದುಕೊಂಡಿದ್ದ ಕೆಂಪೆಲ್ಲ ಬಡ್ಡಿ ಸಮೇತ ವಾಪಸ್ಸು ಬಂತು. ಮೊದಲು ಕಿವಿ, ಆಮೇಲೆ ಕೆನ್ನೆ, ನೆತ್ತಿ, ಕತ್ತು.

ಕಾರ್ಯದರ್ಶಿಗಳು ಆ ಕೆಂಪನ್ನೇ ಎವೆಯಿಕ್ಕದೆ ನೋಡಿದರು. ಇದ್ದಕ್ಕಿದ್ದಂತೆ ಅವರ ಮುಖ ಬೆಳಗಿತು.

"ಓಹೋಹೋ! ನೀವೂ ಅದೇ ಮಾತ್ರೆ ತಗೋತಿದೀರಾ!"

ಇಲ್ಲ ಅನ್ನಬೇಕೆಂದು ಡಾಕ್ಟರು ಬಾಯಿ ತೆರೆದರು. ಇಲ್ಲ ಅಂದರೆ, ಮತ್ತೆ ಯಾಕೆ ಕೆಂಪಾದಿರಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ನಿಜ ಹೇಳಬೇಕಾಗುತ್ತದೆ. ಅದೂ ಅಲ್ಲದೆ, ತಿಂಗಳುಗಟ್ಟಲೆ ಒಂಟಿಯಾಗಿ ನರಳಿದ ಆ ಮನುಷ್ಯನ ಮುಖದಲ್ಲಿ ಜೊತೆಗೊಬ್ಬ ಸಿಕ್ಕಿದ ಎನ್ನುವ ಸಂತೋಷ ಈಗ ತಾನೇ ಕಾಣಿಸಿಕೊಂಡಿತ್ತು.

"ಹೂಂ" ಎಂದರು ಡಾಕ್ಟರು.

"ಬಿಡಿ, ನಾಚ್ಕೊಳ್ಳೋ ಅಂಥದ್ದೇನಿದೆ! ಇಬ್ಬರೂ ಒಂದೇ ದೋಣೀಲಿದೀವಿ."

"ನಾಳೆ ಬೆಳಿಗ್ಗೆ ಕ್ಲಿನಿಕ್ಕಿಗೆ ಬನ್ನಿ, ನಿಮ್ಮ ಮಾತ್ರೆ ಬದಲಾಯಿಸಿಕೊಡ್ತೀನಿ" ಎಂದರು ಡಾಕ್ಟರು ಆಸೆಯಿಂದ.

ಕಾರ್ಯದರ್ಶಿಗಳು ಸಂಕೋಚದಿಂದ ತಲೆ ಕೆರೆದುಕೊಂಡರು. "ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ. ನಿಮ್ಮದನ್ನೇ ನೀವು ಸರಿಮಾಡ್ಕೊಂಡಿಲ್ಲ, ಇನ್ನು ನನ್ನದು... ನನಗೆ ಇಲ್ಲಿ ಬುಧವಾರ ಬನ್ನಿ ಅಂದಿದಾರೆ. ನಿಮಗೆ ಯಾವತ್ತು?"

"ಬುಧವಾರ" ಎಂದರು ಡಾಕ್ಟರು.

"ಹಂಗಾದ್ರೆ ಮುಗೀತು. ನನ್ನ ಸ್ಕೂಟರಲ್ಲೇ ಒಟ್ಟಿಗೆ ಬರೋಣ" ಎಂದು ಕಾರ್ಯದರ್ಶಿಗಳು ಬೆಂಚಿನ ಕೆಳಗೆ ಕೈಹಾಕಿ, ಹಿಂದೆ ಕೂರುವವರ ಹೆಲ್ಮೆಟ್ಟನ್ನು ತೆಗೆದು ಡಾಕ್ಟರ ಮಡಿಲಲ್ಲಿಟ್ಟರು. "ಗಾಜು ಪೂರ್ತಿ ಇಳಿಸ್ಕೊಳ್ಳಿ. ಯಾರಿಗೂ ಗೊತ್ತಾಗಲ್ಲ."